ಕೆಮ್ಮಿಗೆ ಪೇರ್, ಹೊಟ್ಟೆಭಾರಕ್ಕೆ ಮೇಸಿಲ್: ಕೊರಿಯಾದ ಮನೆಮದ್ದು

ನೆಗಡಿ ಇಳಿದರೂ ಕೆಮ್ಮು ಬಿಡದಿದ್ದಾಗ ಕೊರಿಯಾದ ಮನೆಗಳಲ್ಲಿ ಪೇರ್ ಹಣ್ಣು ಹಬೆಗೆ ಏರುತ್ತದೆ. ಅಲ್ಲಿನ ಪೇರ್ ಉದ್ದ ಕತ್ತಿನದಲ್ಲ. ಸೇಬಿನಂತೆ ಗುಂಡಗೆ, ಕಂದು ಸಿಪ್ಪೆ, ಒಂದೊಂದು ಅರ್ಧ ಕೆಜಿ ತೂಗುತ್ತದೆ, ಕಚ್ಚಿದರೆ ನೀರೇ ನೀರು. ನಾಜು ಊರಿನದು ಹೆಸರುವಾಸಿ. ನಮ್ಮಲ್ಲಿ ಸಿಗುವ ಗುಂಡು ನಾಶ್ಪತಿಯಲ್ಲೂ ಮಾಡಬಹುದು, ರಸ ಮಾತ್ರ ಕಮ್ಮಿ.

ಹಣ್ಣಿನ ತಲೆಭಾಗವನ್ನು 2 ಸೆಂ.ಮೀ. ದಪ್ಪಕ್ಕೆ ಕೊಯ್ದು ಮುಚ್ಚಳವಾಗಿ ಎತ್ತಿಡಿ. ಚಮಚದಿಂದ ಬೀಜದ ಗೂಡನ್ನು ಕೆರೆದು ತೆಗೆಯಿರಿ, ಸುತ್ತ 1.5 ಸೆಂ.ಮೀ. ತಿರುಳು ಉಳಿಯಲಿ, ತಳ ತೂತಾಗದಿರಲಿ. ಗುಳಿಗೆ 2 ದೊಡ್ಡ ಚಮಚ ಜೇನು, ತೆಳ್ಳಗೆ ಹೆಚ್ಚಿದ ನಾಲ್ಕೈದು ಬಿಲ್ಲೆ ಶುಂಠಿ, ಬೀಜ ತೆಗೆದ 2 ಒಣ ಕೆಂಪು ಬೋರೆಹಣ್ಣು, ಐದಾರು ಕಾಳುಮೆಣಸು ಹಾಕಿ ಮುಚ್ಚಳ ಮುಚ್ಚಿ. ನೀರು ಹಾಕಬೇಡಿ, ಹಣ್ಣೇ ಬಿಡುತ್ತದೆ. ತಟ್ಟೆಯಲ್ಲಿಟ್ಟರೆ ರಸವೆಲ್ಲ ಹರಿದು ಹೋಗುವುದರಿಂದ ಆಳದ ಬಟ್ಟಲಲ್ಲಿ ಕೂರಿಸಿ, ಸಣ್ಣ ಉರಿಯಲ್ಲಿ 50 ನಿಮಿಷ ಹಬೆಯಲ್ಲಿ ಬೇಯಿಸಿ. ನಡುವೆ ಪಾತ್ರೆಯ ನೀರು ಆರದಂತೆ ನೋಡಿಕೊಳ್ಳಿ. ಚಮಚ ಹಾಕಿದರೆ ಹೋಳು ಸಲೀಸಾಗಿ ಕಿತ್ತು ಬಂದರೆ ಬೆಂದಿದೆ ಎಂದರ್ಥ. ಮೆಣಸು ತೆಗೆದು, ರಸವನ್ನು ಬಿಸಿಬಿಸಿ ಕುಡಿದು ತಿರುಳು ತಿನ್ನುವುದು. ಗಂಟಲಿಗೆ ಹಿತವಾಗುತ್ತದೆ, ಸೋಂಕು ಗುಣವಾಗುವುದಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳು ಹಬೆಗೂ ಸಾಯುವುದಿಲ್ಲ.

ಅಷ್ಟು ಪುರುಸೊತ್ತಿಲ್ಲದಿದ್ದರೆ ಮೂಲಂಗಿ ಸಾಕು. 300 ಗ್ರಾಂ ಮೂಲಂಗಿಯನ್ನು ಸಣ್ಣ ಹೋಳು ಮಾಡಿ, ಮುಳುಗುವಷ್ಟು ಜೇನು ಸುರಿದು ಅರ್ಧ ದಿನ ಬಿಡಿ. ಜೇನು ಎಳೆದ ನೀರಿನಿಂದ ಹೋಳು ಮುದುಡಿ, ಜೇನು ತಿಳಿಯಾಗಿರುತ್ತದೆ. ಆ ತಿಳಿಯನ್ನು ಒಂದೆರಡು ಚಮಚ ಬೆಚ್ಚನೆ ನೀರಿಗೆ ಬೆರೆಸಿ ಕುಡಿಯಿರಿ. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ನೀರು ಬಿಟ್ಟ ಜೇನು ಹಾಗೇ ಉಳಿಯದು, ಹುಳಿತು ಹೋಗುತ್ತದೆ.

ಹೊಟ್ಟೆ ಭಾರವಾದರೆ, ಉಂಡದ್ದು ಕರಗದಿದ್ದರೆ ಮೇಸಿಲ್ ಚೊಂಗ್, ಅಂದರೆ ಮೇಸಿಲ್ ಕಾಯಿಯನ್ನು ಸಕ್ಕರೆಯಲ್ಲಿ ಹಾಕಿಟ್ಟು ಇಳಿಸಿದ ರಸ. ಮೇಸಿಲ್ ಎಂದರೆ ಹಸಿರಾಗಿರುವಾಗಲೇ ಕೊಯ್ಯುವ ಒಂದು ಬಗೆಯ ಹುಳಿ ಪ್ಲಮ್. ಸೊಮ್ಜಿನ್ ನದಿ ದಂಡೆಯ ಗ್ವಾಂಗ್ಯಾಂಗ್ ಇದಕ್ಕೆ ಪ್ರಸಿದ್ಧ. ಜೂನ್ ತಿಂಗಳಲ್ಲಿ ಮನೆಮನೆಯಲ್ಲೂ ಭರಣಿ ತುಂಬುವ ಕೆಲಸ. ಲೆಕ್ಕ ಸರಳ: 1 ಕೆಜಿ ಕಾಯಿಗೆ 1 ಕೆಜಿ ಸಕ್ಕರೆ. ಸಕ್ಕರೆಗೆ ಜಿಪುಣತನ ಮಾಡಿದವರ ಭರಣಿ ಬುರುಗು ಕಟ್ಟಿ, ಹೆಂಡದ ವಾಸನೆ ಹೊಡೆಯುತ್ತದೆ.

ಕಾಯಿ ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಒಂದು ಹನಿ ನೀರು ಉಳಿದರೂ ಬೂಸ್ಟು ಬರಲು ದಾರಿಯಾಯಿತು. ತೊಟ್ಟಿನ ಗುಳಿಯಲ್ಲಿ ಕಪ್ಪಗೆ ಕೂತಿರುವ ಚೂರನ್ನು ಹಲ್ಲುಕಡ್ಡಿಯಿಂದ ಚಿಮ್ಮಿ ತೆಗೆಯಿರಿ. ಬೇಸರದ ಕೆಲಸ, ಬಿಟ್ಟರೆ ಕಹಿ. ಗಾಜಿನ ಭರಣಿಯಲ್ಲಿ ಒಂದು ಪದರ ಕಾಯಿ, ಒಂದು ಪದರ ಸಕ್ಕರೆ, ಮೇಲಿನ ಪದರ ಸಕ್ಕರೆಯದೇ ದಪ್ಪಗಿರಲಿ. ಬಾಯಿವರೆಗೆ ತುಂಬಬೇಡಿ, ಕಾಲುಭಾಗ ಖಾಲಿ ಇರಲಿ; ಮುಚ್ಚಳ ಬಿಗಿಯಬೇಡಿ, ಗಾಳಿ ಕಟ್ಟಿ ಉಕ್ಕುತ್ತದೆ. ತಳದಲ್ಲಿ ಕೂತ ಸಕ್ಕರೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಒಣ ಸೌಟಿನಿಂದ ಕದಡಿ, ಕರಗುವವರೆಗೆ. ತೇಲುವ ಕಾಯಿ ರಸದ ಮೇಲೆ ತಲೆಯೆತ್ತಿ ನಿಂತರೆ ಅಲ್ಲೇ ಬೂಸ್ಟು ಹಿಡಿಯುತ್ತದೆ.

ಸುಮಾರು 100 ದಿನಕ್ಕೆ ಕಾಯಿ ಸೋಸಿ ತೆಗೆಯುವುದು ರೂಢಿ. ಹಸಿ ಕಾಯಿಯ ಬೀಜದಲ್ಲಿ ಅಮಿಗ್ಡಲಿನ್ ಎಂಬ ವಸ್ತು ಇದೆ, ಅದು ಒಡೆದರೆ ಸಯನೈಡ್ ವಿಷ ಹುಟ್ಟುತ್ತದೆ. ಕಾಯಿಯನ್ನು ಹಸಿಯಾಗಿ ತಿನ್ನಬಾರದೆಂದು ಹೇಳುವುದೂ ಇದಕ್ಕೇ. ಸೋಸಿದ ರಸವನ್ನು ಮತ್ತಷ್ಟು ತಿಂಗಳು ಮಾಗಲು ಬಿಟ್ಟರೆ ಒಳ್ಳೆಯದು. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಸಾಕು. ನಮ್ಮ ಅಭಿಪ್ರಾಯ ಕೇಳಿದರೆ ಇದು ಔಷಧಕ್ಕಿಂತ ಒಳ್ಳೆಯ ಹುಳಿ ಪಾನಕ. ಸಕ್ಕರೆ ಕಾಯಿಲೆಯವರು ಮುಟ್ಟದಿರುವುದೇ ವಾಸಿ.

ಇದೇ ಅಜೀರ್ಣಕ್ಕೆ ಹೆಬ್ಬೆರಳಿಗೆ ದಾರ ಬಿಗಿದು, ಉಗುರಿನ ಬುಡದಲ್ಲಿ ಸೂಜಿ ಚುಚ್ಚಿ ರಕ್ತ ತೆಗೆಯುವ ಪದ್ಧತಿ ಹಿರಿಯರಲ್ಲಿ ಈಗಲೂ ಇದೆ. ಕಪ್ಪು ರಕ್ತ ಬಂತು, ಕೆಟ್ಟದ್ದು ಹೋಯಿತು ಅನ್ನುತ್ತಾರೆ. ದಾರ ಬಿಗಿದಾಗ ನಿಂತ ರಕ್ತ ಕಪ್ಪಗೆ ಕಾಣದೆ ಇನ್ನೇನು? ಇದನ್ನು ಮಾಡಬೇಡಿ, ಸೂಜಿಯಿಂದ ನಂಜಾಗಬಹುದು. ಅದರ ಬದಲು ಅಮ್ಮಂದಿರು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಮಗುವಿನ ಹೊಟ್ಟೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸವರುತ್ತಾರಲ್ಲ, ‘ಅಮ್ಮನ ಕೈಯೇ ಮದ್ದಿನ ಕೈ’ ಎಂದು ಗುನುಗುತ್ತ, ಅದು ಸಾಕು. ದೊಡ್ಡವರಿಗೆ ಅಜೀರ್ಣದ ಜೊತೆ ಎದೆ ಒತ್ತಿದಂತಾಗಿ ಬೆವರು ಬಂದರೆ ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಗೆ ಓಡಿ. ಹೃದಯಾಘಾತವೂ ಹೀಗೇ ಶುರುವಾಗುವುದುಂಟು.

ಕುಡಿದ ಮರುದಿನದ ತಲೆಭಾರಕ್ಕೆ, ಮೈಕೈ ನೋವಿನ ನೆಗಡಿಗೆ ಸೋಯಾ ಮೊಳಕೆಯ ಸಾರು. 1.2 ಲೀಟರ್ ನೀರಿಗೆ 300 ಗ್ರಾಂ ಮೊಳಕೆ, ಜಜ್ಜಿದ ಬೆಳ್ಳುಳ್ಳಿ, ಉಪ್ಪು. ಕುದಿ ಬಂದಮೇಲೆ ಐದಾರು ನಿಮಿಷ. ಮುಚ್ಚಳವನ್ನು ಮೊದಲಿಂದ ಕೊನೆವರೆಗೆ ಮುಚ್ಚಿಡಿ, ಇಲ್ಲವೇ ತೆರೆದೇ ಇಡಿ. ನಡುವೆ ತೆರೆದು ಇಣುಕಿದರೆ ಹಸಿ ಕಾಳಿನ ವಾಸನೆ ಸಾರಿಗೇ ಹಿಡಿಯುತ್ತದೆ ಎನ್ನುತ್ತಾರೆ. ಇಳಿಸುವಾಗ ಈರುಳ್ಳಿ ಸೊಪ್ಪು ಹಾಕಿ. ನೆಗಡಿಯಾದವರ ಬಟ್ಟಲಿಗೆ ಒಂದು ಚಮಚ ಖಾರದ ಪುಡಿ.