ಹಾಲ್ ಆಮೇಲೆ ನೋಡಿ, ಮೊದಲು ಹೇಳಿಕೆಯ ಪಟ್ಟಿ ಮಾಡಿ

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಮದುವೆ ನಿಶ್ಚಯವಾಯಿತು ಅಂದ ಕೂಡಲೇ ಎಲ್ಲರೂ ಕೇಳುವುದು, ಹಾಲ್ ಯಾವುದು ಅಂತ. ನಾನು ಮೂರು ಮಕ್ಕಳ ಮದುವೆ ಮಾಡಿದವಳು. ದೊಡ್ಡವಳ ಮದುವೆಗೆ ನಾವೂ ಹಾಲ್‌ನಿಂದಲೇ ಶುರು ಮಾಡಿದೆವು. ಹಾಲ್ ದೊಡ್ಡದಿದೆಯಲ್ಲ ಅಂತ ಹೇಳಿಕೆಯ ಪಟ್ಟಿ, ಅಂದರೆ ಮದುವೆಗೆ ಕರೆಯುವವರ ಪಟ್ಟಿ, ಉದ್ದ ಮಾಡಿದೆವು, ಪಟ್ಟಿ ಉದ್ದವಾದ ಹಾಗೆ ಊಟ, ಬಸ್ಸು, ಕಾಗದ, ಬಾಡಿಗೆ ಕುರ್ಚಿ ಎಲ್ಲಾ ಅದರ ಹಿಂದೆಯೇ ಬೆಳೆಯಿತು. ಆ ಸಾಲ ತೀರಿಸಲು ನಾಲ್ಕು ವರ್ಷದ ಅಡಿಕೆ ಹೋಯಿತು. ಉಳಿದ ಇಬ್ಬರ ಮದುವೆ ಸಾಲ ಇಲ್ಲದೆ ಆಯಿತು. ಮೊದಲು ಜನ ಎಷ್ಟು ಅಂತ ಗಟ್ಟಿ ಮಾಡಿಕೊಂಡದ್ದೇ ಅದಕ್ಕೆ ಕಾರಣ.

ಒಂದು ಸಂಜೆ ಮನೆಯವರೆಲ್ಲ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಮನೆಯ ಹೆಸರು ಬರೆದರೆ ಸಾಲದು, ಆ ಮನೆಯಿಂದ ನಿಜವಾಗಿ ಎಷ್ಟು ಜನ ಬರುತ್ತಾರೆ ಅಂತ ಪಕ್ಕದಲ್ಲಿ ಬರೆಯಬೇಕು. ಬೆಂಗಳೂರಲ್ಲಿರುವ ಮಗ ಸೊಸೆ ವಾರದ ಮಧ್ಯೆ ಬರಲಿಕ್ಕಿಲ್ಲ, ಅಜ್ಜಿಗೆ ಮೊಣಕಾಲು ನೋವು, ಹೀಗೆ. ಗಂಡಿನ ಕಡೆಯವರ ಹತ್ತಿರ ದಿಬ್ಬಣಕ್ಕೆ ಎಷ್ಟು ಜನ ಅಂತ ಕೇಳಲು ನಾಚಿಕೊಳ್ಳಬೇಡಿ. ನಮ್ಮ ಭಾವ ಎರಡನೆಯವಳ ಬೀಗರಿಗೆ ಫೋನ್ ಮಾಡಿ ನೇರವಾಗಿ ಕೇಳಿದರು. ಅವರು, ಒಂದು ಬಸ್ಸು ಎರಡು ಕಾರು, ಅಷ್ಟೇ ಅಂದರು. ಅವರಿಗೂ ಹಗುರವಾಯಿತು, ನಮಗೂ ಹಗುರವಾಯಿತು. ಹೇಳಿಕೆಯ ಕಾಗದ ನೂರು ಮಾತ್ರ ಅಚ್ಚು ಹಾಕಿಸಿ. ಹಿರಿಯರ ಮನೆಗೆ ಹೋಗಿಯೇ ಹೇಳಬೇಕು, ಅದು ಬಿಡಬಾರದು. ಉಳಿದವರಿಗೆ ಫೋನ್ ಮಾಡಿ ಬಾಯಿತುಂಬಾ ಕರೆದು, ವಾಟ್ಸಾಪ್‌ನಲ್ಲಿ ಕಾಗದ ಕಳಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದಿನದ ವಿಷಯ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆ ಇಲ್ಲ, ಧನು ತಿಂಗಳಲ್ಲೂ (ಡಿಸೆಂಬರ್-ಜನವರಿ) ಇಲ್ಲ. ಹಾಗಾಗಿ ಎಲ್ಲರೂ ಏಪ್ರಿಲ್ ಮೇ ಹಿಡಿಯುತ್ತಾರೆ. ಆಗ ಹಾಲ್, ಅಡಿಗೆಯವರು, ಫೋಟೋದವರು ಯಾರೂ ಸುಲಭದಲ್ಲಿ ಸಿಗುವುದಿಲ್ಲ, ಬಾವಿಯ ನೀರು ತಳಕ್ಕೆ ಹೋಗಿರುತ್ತದೆ, ಟ್ಯಾಂಕರ್ ನೀರಿಗೂ ದುಡ್ಡು ಕೊಡಬೇಕು. ಜನವರಿ ಕೊನೆಯಿಂದ ಫೆಬ್ರವರಿಯೊಳಗೆ, ಅದೂ ಭಾನುವಾರ ಬಿಟ್ಟು ಬೇರೆ ದಿನ ಮುಹೂರ್ತ ಇದೆಯಾ ಅಂತ ಜೋಯಿಸರ ಹತ್ತಿರ ಕೇಳಿ ನೋಡಿ. ಮನೆಯಲ್ಲೇ ಮಾಡುವುದಾದರೆ ಆ ಹೊತ್ತಿಗೆ ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ ಅಂತ ಮರೆಯಬೇಡಿ, ಸರಿಯಾಗಿ ಒಣಗಲು ಅದಕ್ಕೆ ನಲವತ್ತು ದಿನದ ಮೇಲೆ ಬೇಕಲ್ವಾ. ನಾವು ಮೂರನೆಯದನ್ನು ಊರಿನ ಭಜನಾ ಮಂದಿರದ ಸಭಾಭವನದಲ್ಲಿ ಮಾಡಿದೆವು. ಬಾಡಿಗೆ ಕಡಿಮೆ, ಕೊಪ್ಪರಿಗೆ, ಸೌಟು, ಬಾಲ್ದಿ ಎಲ್ಲಾ ಅಲ್ಲೇ ಸಿಕ್ಕಿತು.

ಊಟದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಆದರೆ ಬಗೆ ಕಡಿಮೆ ಮಾಡಿ. ಇಪ್ಪತ್ತು ಬಗೆ ಬಡಿಸಿದರೆ ಅರ್ಧ ಎಲೆಯಲ್ಲೇ ಉಳಿಯುತ್ತದೆ, ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಪಲ್ಯ, ಕೋಸಂಬರಿ, ಉಪ್ಪಿನಕಾಯಿ, ಸಾರು, ಸೌತೆಕಾಯಿ ಸಾಂಬಾರು, ಕುಂಬಳಕಾಯಿ ಮಜ್ಜಿಗೆಹುಳಿ, ಹೋಳಿಗೆ, ಕಡಲೆಬೇಳೆ ಪಾಯಸ, ಮಜ್ಜಿಗೆ. ಸಾಕು, ತೃಪ್ತಿಯಾಗುತ್ತದೆ. ನೂರು ಜನಕ್ಕೆ ನಮ್ಮ ಮನೆಯ ಲೆಕ್ಕ ಹೀಗೆ: ಅಕ್ಕಿ 11 ಕಿಲೋ, ಸಾರು ಸಾಂಬಾರಿಗೆ ತೊಗರಿಬೇಳೆ 3 ಕಿಲೋ, ಪಾಯಸವೂ ಸೇರಿ ತೆಂಗಿನಕಾಯಿ 40, ಹೋಳಿಗೆ 130. ಫೆಬ್ರವರಿಯಲ್ಲಿ ಎಳೆ ಹಲಸು ಬರುತ್ತದೆ, ಗುಜ್ಜೆ ಪಲ್ಯ ಮಾಡಿದರೆ ಪೇಟೆಯ ಬೀನ್ಸು ಕ್ಯಾರೆಟ್ ಬೇಡ. ಸೌತೆಕಾಯಿ ಮನೆಯಲ್ಲೇ ಬೆಳೆದು ಬಾಳೆನಾರಲ್ಲಿ ಕಟ್ಟಿ ತೂಗಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಬಾಳೆಎಲೆಯೂ ತೋಟದ್ದೇ ಸಾಕು, ನೂರು ಜನಕ್ಕೆ 110 ಎಲೆ ಕೊಯ್ಯಿರಿ.

ಅಡಿಗೆಯವರಿಗೆ ಎಲೆ ಲೆಕ್ಕದಲ್ಲಿ ದುಡ್ಡು ಕೊಡುವುದಾದರೆ ಎಲೆ ಎಣಿಸಲು ನಿಮ್ಮವರೇ ಒಬ್ಬರು ಇರಬೇಕು. ದೊಡ್ಡವಳ ಮದುವೆಯಲ್ಲಿ ನಾವು ಯಾರನ್ನೂ ನಿಲ್ಲಿಸಲಿಲ್ಲ. ಕೊನೆಗೆ ಅವರು ಹೇಳಿದ ಸಂಖ್ಯೆಯೇ ಲೆಕ್ಕವಾಯಿತು, ಅದು ನಮ್ಮ ಪಟ್ಟಿಗಿಂತ ಎಂಬತ್ತು ಜಾಸ್ತಿ ಇತ್ತು. ಎರಡನೆಯ ಸಲ ಅಣ್ಣನ ಮಗ ಪ್ರತಿ ಪಂಕ್ತಿಗೂ ಎಣಿಸಿ ಬರೆದಿಟ್ಟ, ಜಗಳವೇ ಬರಲಿಲ್ಲ. ಇನ್ನೊಂದು ದಾರಿ, ಸಾಮಾನು ನಾವೇ ತಂದುಕೊಟ್ಟು ಅಡಿಗೆಯವರಿಗೆ ಕೂಲಿ ಮಾತ್ರ ಕೊಡುವುದು. ಮುನ್ನಾದಿನ ರಾತ್ರಿ ನೆರೆಕರೆಯ ಹೆಂಗಸರು ಮೆಟ್ಟುಕತ್ತಿ ಹಿಡಿದು ಬಂದರೆ ಹತ್ತು ಗಂಟೆಯೊಳಗೆ ತರಕಾರಿ ಹೆಚ್ಚಿ ಮುಗಿಯುತ್ತದೆ. ನೀವೂ ಅವರ ಮನೆಗೆ ಹೋಗಿ ಹೆಚ್ಚಿದ್ದರೆ ಮಾತ್ರ ಅವರು ಬರುತ್ತಾರೆ, ಆದ್ದರಿಂದ ಮದುವೆಯ ತಯಾರಿ ಎರಡು ವರ್ಷ ಮೊದಲೇ ಪಕ್ಕದ ಮನೆಯ ಅಡಿಗೆ ಕೊಟ್ಟಿಗೆಯಲ್ಲಿ ಶುರುವಾಗುತ್ತದೆ ಅಂತ ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಹತ್ತಿರದಲ್ಲಿ ಕುಟುಂಬಶ್ರೀಯವರು, ಅಂದರೆ ಕೇರಳದ ಮಹಿಳಾ ಸ್ವಸಹಾಯ ಗುಂಪಿನವರು, ಅಡಿಗೆ ಮಾಡಿಕೊಡುವುದಿದ್ದರೆ ಅವರನ್ನೂ ಕೇಳಿ.

ಎಲ್ಲಿ ಕಡಿಮೆ ಮಾಡಬಹುದು? ಮೆಹಂದಿ ರಾತ್ರಿಯ ಡಿಜೆ, ಲೈಟು, ಇನ್ನೊಂದು ಊಟ. ಇದು ನಮ್ಮ ಕಡೆ ಈಗೀಗ ಮದುವೆಯಷ್ಟೇ ದೊಡ್ಡದಾಗುತ್ತಿದೆ, ನನಗೆ ತುಂಬಾ ಬೇಸರ. ಮದರಂಗಿ ಸೊಪ್ಪು ಅರೆದು ಮನೆಯ ಹೆಣ್ಣುಮಕ್ಕಳೇ ಹಚ್ಚಿದರೆ ಎಷ್ಟು ಚೆಂದ. ವೇದಿಕೆಗೆ ಪೇಟೆಯ ಹೂ ಬೇಡ, ಹಿಂಗಾರ (ಅಡಿಕೆಯ ಹೂಗೊಂಚಲು), ಮಾವಿನ ಸೊಪ್ಪು, ಬಾಳೆಗಿಡ ಸಾಕು. ಧಾರೆ ಸೀರೆ ಒಂದು ಒಳ್ಳೆಯದು ತೆಗೆಯಿರಿ. ಉಡುಗೊರೆಗೆ ಮಾತ್ರ ಯಾರೂ ಉಡದ ಅಗ್ಗದ ಸೀರೆಯ ಕಟ್ಟು ತರಬೇಡಿ. ಹತ್ತಿರದ ನಾಲ್ಕು ಜನಕ್ಕೆ ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ ಕೊಡಿ, ಅವರು ವರ್ಷಗಟ್ಟಲೆ ಉಡುತ್ತಾರೆ.

ಚಿನ್ನ. ಕೇಳಿದಷ್ಟು ಪವನು (ಒಂದು ಪವನು ಅಂದರೆ ಎಂಟು ಗ್ರಾಂ) ಕೊಡಬೇಕು ಅನ್ನುವ ಮನೆಗೆ ಮಗಳನ್ನು ಕೊಡಲೇಬೇಡಿ, ವರದಕ್ಷಿಣೆ 1961ರಿಂದ ಕಾನೂನಿನಲ್ಲೇ ಅಪರಾಧ. ನಿಮ್ಮ ಇಷ್ಟದಿಂದ ಮಾಡಿಸುವುದಾದರೆ ಕೆತ್ತನೆ ಕಡಿಮೆ ಇರುವ ಬಳೆ, ಸರ ನೋಡಿ, ಅದಕ್ಕೆ ಮಜೂರಿ ಕಡಿಮೆ. ಹಾಲ್‌ಮಾರ್ಕ್ ಜೊತೆ ಎಚ್‌ಯುಐಡಿ, ಅಂದರೆ ಪ್ರತಿ ಆಭರಣಕ್ಕೂ ಬೇರೆಬೇರೆಯಾಗಿರುವ ಆರು ಅಕ್ಷರ ಅಂಕಿಯ ಗುರುತಿನ ಸಂಖ್ಯೆ, ಇದೆಯಾ ನೋಡಿ, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಂಗಡಿಯಲ್ಲಿ ನಿಂತಲ್ಲೇ ಗೊತ್ತಾಗುತ್ತದೆ.

ಅಡಿಕೆಯನ್ನು ಮದುವೆಯ ವಾರದಲ್ಲಿ ಮಾರಲು ಹೋಗಬೇಡಿ. ದುಡ್ಡಿನ ತುರ್ತು ಇದೆ ಅಂತ ಗೊತ್ತಾದರೆ ಹೇಳಿದ ರೇಟಿಗೆ ಕೊಡಬೇಕಾಗುತ್ತದೆ. ಚಾಲಿ, ಅಂದರೆ ಸಿಪ್ಪೆ ಸಹಿತ ಒಣಗಿಸಿ ಸುಲಿದ ಅಡಿಕೆ, ಹಳತಾದರೆ ಸಾಮಾನ್ಯವಾಗಿ ಬೆಲೆಯೂ ಜಾಸ್ತಿ. ಪ್ರತಿ ವರ್ಷ ನಾಲ್ಕೈದು ಗೋಣಿ ಮಕ್ಕಳ ಹೆಸರಲ್ಲಿ ಅಟ್ಟದಲ್ಲಿಟ್ಟು, ರೇಟು ಚೆನ್ನಾಗಿದ್ದಾಗ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿ ಆ ದುಡ್ಡು ಬೇರೆಯೇ ಇಟ್ಟುಕೊಳ್ಳಿ. ನಮ್ಮ ಕೊನೆಯವನ ಮದುವೆಯ ಊಟ ಪೂರ್ತಿ ಹಾಗೇ ನಡೆಯಿತು.

ಮದುವೆ ಮುಗಿದ ಮೇಲೆ ಪಂಚಾಯತಿನಲ್ಲಿ ನೋಂದಣಿ. ಕೇರಳದಲ್ಲಿ ಮದುವೆ ನಡೆದ ಊರಿನ ಪಂಚಾಯತು ಅಥವಾ ನಗರಸಭೆಯಲ್ಲಿ 45 ದಿನದೊಳಗೆ ಮಾಡಿಸಬೇಕು. ಗಡಿನಾಡಿನವರಿಗೆ ಇಲ್ಲೊಂದು ತೊಂದರೆ ಇದೆ, ಹೆಸರು ಒಂದು ದಾಖಲೆಯಲ್ಲಿ ಒಂದು ತರ, ಇನ್ನೊಂದರಲ್ಲಿ ಇನ್ನೊಂದು ತರ ಬರೆದಿರುತ್ತಾರೆ. ಆಧಾರ್, ಎಸ್‌ಎಸ್‌ಎಲ್‌ಸಿ ಕಾರ್ಡು ಎರಡನ್ನೂ ಹೇಳಿಕೆಯ ಕಾಗದ ಅಚ್ಚಿಗೆ ಕೊಡುವ ಮೊದಲೇ ಪಕ್ಕಪಕ್ಕ ಇಟ್ಟು ನೋಡಿ, ಕಾಗದದಲ್ಲೂ ಅದೇ ಹೆಸರು ಹಾಕಿಸಿ.