ಒಂದು ಕುದುರೆಗೆ ಮೂವರು: ಸ್ವಯಂಸೇವಕರನ್ನು ಹುಡುಕಿ ಉಳಿಸಿಕೊಂಡ ನನ್ನ ಅನುಭವ

ಕುದುರೆಯ ಮೇಲೆ ಕೂತ ಒಂದು ಮಗುವಿಗೆ ನೆಲದ ಮೇಲೆ ಮೂವರು ಬೇಕು. ಲಗಾಮಿನ ಹಗ್ಗ ಹಿಡಿದು ಕುದುರೆಯನ್ನು ನಡೆಸಲು ಒಬ್ಬರು, ಮಗುವಿನ ಎಡಕ್ಕೊಬ್ಬರು, ಬಲಕ್ಕೊಬ್ಬರು. ಎಲ್ಲ ಮಕ್ಕಳಿಗೂ ಮೂವರು ಬೇಕೆಂದಿಲ್ಲ. ಆದರೆ ಬೆನ್ನು ನೆಟ್ಟಗೆ ನಿಲ್ಲದ ಮಗುವಿಗೆ ಬೇಕೇ ಬೇಕು. ಅಂಥ ನಾಲ್ಕು ಮಕ್ಕಳು ಒಟ್ಟಿಗೆ ಬಂದರೆ ಹನ್ನೆರಡು ಜನ, ಕಲಿಸುವ ಕೋಚ್ ಬೇರೆ. ಕುದುರೆ ಲಾಯದಲ್ಲಿ ಸಿದ್ಧವಾಗಿ ನಿಂತಿರುತ್ತದೆ, ಮಗು ಗಾಲಿಕುರ್ಚಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕಾಯುತ್ತಿರುತ್ತದೆ, ಒಬ್ಬರು ಬರಲಿಲ್ಲವೆಂದರೆ ಆ ದಿನ ಸವಾರಿಯೇ ಇಲ್ಲ. ಆ ಮಗುವಿಗೆ 'ಇವತ್ತು ಆಗಲ್ಲ ಕಂದ' ಅನ್ನುವುದು ನನಗೆ ಇಂದಿಗೂ ಸಹಿಸಲಾಗದ ಕೆಲಸ.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ವಿಕಲಚೇತನರಿಗೆ ಸವಾರಿ ಕಲಿಸುವ ಒಂದು ಗುಂಪಿನಲ್ಲಿ ಸ್ವಯಂಸೇವಕರನ್ನು ಹೊಂದಿಸುವ ಹೊಣೆ ನನ್ನದು. ಇಂಥ ಗುಂಪುಗಳ ಮಾತೃಸಂಸ್ಥೆ ರೈಡಿಂಗ್ ಫಾರ್ ದಿ ಡಿಸೇಬಲ್ಡ್ ಅಸೋಸಿಯೇಷನ್. ಎಲ್ಲರ ಬಾಯಲ್ಲೂ ಆರ್‌ಡಿಎ. 1969ರಲ್ಲಿ ಶುರುವಾದದ್ದು, 1985ರಿಂದ ರಾಜಕುಮಾರಿ ಆ್ಯನ್ ಅಧ್ಯಕ್ಷೆ. ದೇಶದ ಉದ್ದಗಲಕ್ಕೂ ಇರುವ ಈ ಗುಂಪುಗಳನ್ನು ಎಳೆದು ನಡೆಸುತ್ತಿರುವವರು ಸಂಬಳವಿಲ್ಲದೆ ಬರುವ ಜನರೇ.

ಜನ ಬೇಕೆಂದಾಗ ಮೊದಲು ಎಲ್ಲರಿಗೂ ಹೊಳೆಯುವುದು ಕುದುರೆ ಸಾಕಿದವರನ್ನು ಕೇಳೋಣ ಎಂದು. ಜೀನು, ಮೇವು ಮಾರುವ ಅಂಗಡಿಗಳಲ್ಲಿ ಚೀಟಿ ಅಂಟಿಸುತ್ತಾರೆ. ಆದರೆ ಸ್ವಂತ ಕುದುರೆ ಇದ್ದವರಿಗೆ ಬೆಳಿಗ್ಗೆ ಲದ್ದಿ ಬಾಚಿ, ನೀರು ತುಂಬಿ, ಹುಲ್ಲು ಹಾಕಿ ಆಫೀಸಿಗೆ ಓಡುವಷ್ಟರಲ್ಲೇ ಉಸಿರು ಹೋಗಿರುತ್ತದೆ. ಹಗ್ಗ ಹಿಡಿಯುವವರಿಗೆ ಕುದುರೆ ಗೊತ್ತಿರಬೇಕು, ಸರಿ. ಪಕ್ಕದಲ್ಲಿ ನಡೆಯುವವರಿಗೆ ಗೊತ್ತಿರಬೇಕಾದದ್ದು ಮನುಷ್ಯರು. ನಮ್ಮ ಅತ್ಯುತ್ತಮ ಜೊತೆನಡಿಗೆಯವರಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ, ರಾತ್ರಿ ಪಾಳಿ ಮುಗಿಸಿ ಬರುವ ಗೋದಾಮಿನ ಕೆಲಸಗಾರರಿದ್ದಾರೆ, ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಒಂಟಿಯಾಗಿರಲಾರದೆ ಬಂದ ಹೆಂಗಸೊಬ್ಬರಿದ್ದಾರೆ. ಇವರು ಸಿಕ್ಕಿದ್ದು ಲೈಬ್ರರಿ ಮತ್ತು ಡಾಕ್ಟರ ಕ್ಲಿನಿಕ್ಕಿನ ನೋಟಿಸ್ ಬೋರ್ಡುಗಳಿಂದ.

ಚೀಟಿಯಲ್ಲಿ ಏನು ಬರೆಯುತ್ತೀರಿ ಅನ್ನುವುದೂ ಮುಖ್ಯ. 'ಸ್ವಯಂಸೇವಕರು ಬೇಕಾಗಿದ್ದಾರೆ' ಅಂದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ, ಭಯ ಮಾತ್ರ ಆಗುತ್ತದೆ: ಎಷ್ಟು ದಿನ, ಎಷ್ಟು ಹೊತ್ತು, ಕುದುರೆ ಒದ್ದರೆ? ನಾನು ಬರೆಯುವುದು ಹೀಗೆ: 'ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಸವಾರಿ ಮಾಡುವ ಮಗುವಿನ ಪಕ್ಕ ನಡೆಯಬೇಕು. ಕುದುರೆ ಮುಟ್ಟಿ ಅಭ್ಯಾಸವಿಲ್ಲದಿದ್ದರೂ ಆಗುತ್ತದೆ, ಕಲಿಸುತ್ತೇವೆ. ಗಟ್ಟಿ ಶೂ ಹಾಕಿಕೊಂಡು ಬನ್ನಿ.'

ಆ ಮಕ್ಕಳ ತಂದೆತಾಯಿಯರನ್ನು ಮಾತ್ರ ನಾನು ಕೇಳುವುದಿಲ್ಲ. ದಿನವಿಡೀ ಮಗುವನ್ನು ಎತ್ತಿ ಇಳಿಸುವ ತಾಯಿಗೆ ವಾರಕ್ಕೆ ಅರ್ಧ ಗಂಟೆ ಬೇಲಿಯ ಆಚೆ ಸುಮ್ಮನೆ ಕೂರುವ ಹಕ್ಕಿದೆ. ತಾವಾಗಿ ಕೇಳಿದರೆ ಬೇರೆ ಮಾತು.

ಹದಿಹರೆಯದವರು ಬರುವುದು ಡ್ಯೂಕ್ ಆಫ್ ಎಡಿನ್‌ಬರಾ ಅವಾರ್ಡ್‌ಗಾಗಿ, ಅಂದರೆ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಿರುವ ಯುವಜನರ ಪ್ರಶಸ್ತಿಗಾಗಿ. ಅದರಲ್ಲಿ ಸ್ವಯಂಸೇವೆಯೂ ಒಂದು ಭಾಗ, ಕಂಚಿಗೆ ಕನಿಷ್ಠ 3 ತಿಂಗಳು, ಬೆಳ್ಳಿಗೆ 6, ಚಿನ್ನಕ್ಕೆ 12. ಮೂರು ತಿಂಗಳಾದ ಮೇಲೆ ಹೋಗಿಬಿಡುತ್ತಾರೆ ಎಂದು ಗೊಣಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರ ಕೊನೆಯ ವರದಿಯನ್ನು ನಾವು ಬರೆಯಬೇಕು; ಅಲ್ಲಿ 'ಚೆನ್ನಾಗಿ ಕೆಲಸ ಮಾಡಿದ' ಅಂತ ಒಂದು ಸಾಲು ಗೀಚಿ ಕೈತೊಳೆದುಕೊಳ್ಳದೆ, ಮಾತು ಬಾರದ ಹುಡುಗಿಯ ಕೈಸನ್ನೆಯನ್ನು ಇವನು ಹೇಗೆ ಕಲಿತುಕೊಂಡ ಎಂದು ಬರೆಯುತ್ತೇನೆ. ಅಂಥ ವರದಿ ಪಡೆದ ಮಕ್ಕಳು ಬೆಳ್ಳಿಗೂ ನಮ್ಮಲ್ಲಿಗೇ ಬರುತ್ತಾರೆ.

ನಮ್ಮ ಕನ್ನಡದವರಿಗೆ ಒಂದು ಮಾತು. ಮಕ್ಕಳನ್ನು ನೋಡಲು ಊರಿನಿಂದ ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರು ನೋಂದಾಯಿತ ಚಾರಿಟಿಯಲ್ಲಿ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆ ಮಾಡಬಹುದು, ಬಂದ ಮುಖ್ಯ ಉದ್ದೇಶ ಅದಾಗಿರಬಾರದು ಅಷ್ಟೆ. ಹಾಸನದ ಕಡೆಯ ಒಬ್ಬ ಅಮ್ಮ ಒಂದು ಬೇಸಿಗೆಯಲ್ಲಿ ಮಗಳ ಜೊತೆ ಬಂದು ನಮ್ಮ ಜೀನು, ಲಗಾಮುಗಳನ್ನು ಸೋಪು ಹಚ್ಚಿ ಒರೆಸಿಟ್ಟರು. ಇಂಗ್ಲಿಷ್ ಅಷ್ಟಾಗಿ ಬಾರದು, ಆದರೂ ಚಹಾದ ಹೊತ್ತಿಗೆ ಎಲ್ಲರೂ ಅವರ ಸುತ್ತಲೇ ಇರುತ್ತಿದ್ದರು.

ಬಂದವರನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಮಕ್ಕಳ ಜೊತೆ ಕೆಲಸವಾದ್ದರಿಂದ ಡಿಬಿಎಸ್ ಎಂಬ ಹಿನ್ನೆಲೆ ಪರಿಶೀಲನೆ ಆಗಬೇಕು. ಸ್ವಯಂಸೇವಕರಿಗೆ ಅದಕ್ಕೆ ಶುಲ್ಕವಿಲ್ಲ, ಆದರೆ ಕಾಯಬೇಕು. ಆ ಕಾಯುವಿಕೆಯಲ್ಲಿ ಉತ್ಸಾಹ ಆರಿಹೋಗುತ್ತದೆ. ಅದಕ್ಕೇ ಅರ್ಜಿ ಹಾಕಿದ ವಾರವೇ ಕರೆಸಿಕೊಂಡು, ಮಕ್ಕಳಿಲ್ಲದ ಹೊತ್ತಿನಲ್ಲಿ ಕುದುರೆಯ ಮೈ ಉಜ್ಜಲು, ಕಂಬ ಜೋಡಿಸಲು ಕೊಡುತ್ತೇನೆ. ಕುದುರೆಯ ಹೆಸರು, ಯಾವುದಕ್ಕೆ ಕಿವಿಯ ಹಿಂದೆ ಕೆರೆದರೆ ಇಷ್ಟ, ಯಾವುದು ಹೊಟ್ಟೆಪಟ್ಟಿ ಬಿಗಿಯುವಾಗ ಮುಖ ತಿರುಗಿಸುತ್ತದೆ, ಇಷ್ಟು ಗೊತ್ತಾದವರು ಮತ್ತೆ ಬಂದೇ ಬರುತ್ತಾರೆ.

ಕಲಿಸುವಾಗ ಎರಡು ಮಾತಿನ ಮೇಲೆ ಒತ್ತು ಹಾಕುತ್ತೇನೆ. ಹಗ್ಗ ಹಿಡಿದವರು ಅದನ್ನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಕುದುರೆ ಬೆದರಿ ಎಳೆದರೆ ಬೆರಳೇ ಹೋಗಬಹುದು. ಪಕ್ಕದಲ್ಲಿರುವವರು ಕುದುರೆಯನ್ನಲ್ಲ, ಮಗುವನ್ನು ನೋಡುತ್ತಿರಬೇಕು. ಇನ್ನು ಎತ್ತರ ಹೊಂದಿಸುವುದು. ಗಿಡ್ಡಗಿರುವವರನ್ನು ಎತ್ತರದ ಕುದುರೆಯ ಪಕ್ಕ ನಿಲ್ಲಿಸಿದರೆ, ಮಗುವಿನ ತೊಡೆಯ ಮೇಲೆ ಕೈಯಿಟ್ಟು ಮರಳಿನಲ್ಲಿ ಅರ್ಧ ಗಂಟೆ ನಡೆಯುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತದೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಬರುವುದು ನಿಲ್ಲಿಸುತ್ತಾರೆ. ಆದ್ದರಿಂದ ನನ್ನ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ಎತ್ತರವೂ ಇದೆ. ನಡುವೆ ಕುದುರೆ ನಿಲ್ಲಿಸಿ ಎಡಬಲ ಬದಲಾಯಿಸುತ್ತೇವೆ, ಒಮ್ಮೆಗೆ ಒಂದೇ ಕಡೆ, ಮಗು ಕ್ಷಣವೂ ಆಸರೆ ತಪ್ಪದಂತೆ.

ಉಳಿಸಿಕೊಳ್ಳುವುದರಲ್ಲಿ ನಾನು ಬಿಡದೆ ಪಾಲಿಸುವ ನಿಯಮ: ಹನ್ನೆರಡಕ್ಕೆ ಅಂದರೆ ಹನ್ನೆರಡಕ್ಕೇ ಬಿಡುವುದು. 'ಇನ್ನೊಂದು ಹತ್ತು ನಿಮಿಷ ಇರ್ತೀರಾ' ಅನ್ನುವುದು ವಾರವಾರ ನಡೆದರೆ ಒಳ್ಳೆಯವರೇ ಮೊದಲು ಹೋಗುವುದು, ಏಕೆಂದರೆ ಅವರಿಗೇ ಇಲ್ಲ ಅನ್ನಲು ಬರುವುದಿಲ್ಲ. ಚಳಿಗಾಲ ಕಷ್ಟದ ಕಾಲ. ಕೆಸರು, ಜಿಟಿಜಿಟಿ ಮಳೆ, ನಾಲ್ಕಕ್ಕೇ ಕತ್ತಲು. ಅಕ್ಟೋಬರ್‌ನಲ್ಲೇ ಒಬ್ಬೊಬ್ಬರಿಗೂ ಫೋನ್ ಮಾಡಿ 'ಮಾರ್ಚ್‌ವರೆಗೆ ಬಿಡುವು ಬೇಕೇ' ಎಂದು ನಾನೇ ಕೇಳುತ್ತೇನೆ. ಬಿಡುವು ಪಡೆದವರು ತಪ್ಪಿತಸ್ಥ ಭಾವವಿಲ್ಲದೆ ಹಿಂತಿರುಗುತ್ತಾರೆ. ದೂರದಿಂದ ಬರುವವರಿಗೆ ಪೆಟ್ರೋಲ್ ಖರ್ಚು ಕೊಡುವುದನ್ನೂ ನಾವು ಮುಜುಗರವಿಲ್ಲದೆ ಮೊದಲ ದಿನವೇ ಹೇಳುತ್ತೇವೆ. ಹಳಬರು ಹೊಸಬರ ಮೇಲೆ ರೇಗುವುದನ್ನು ಮಾತ್ರ ಆ ದಿನವೇ, ಬೇರೆ ಯಾರೂ ಇಲ್ಲದಾಗ ಮಾತಾಡಿ ಮುಗಿಸಬೇಕು. ಹದಿನೈದು ವರ್ಷ ದುಡಿದವರಾದರೂ ಸರಿ.

ಕೃತಜ್ಞತೆಗೆ ಇಲ್ಲಿ ಜೂನ್ ಆರಂಭದಲ್ಲಿ ಸ್ವಯಂಸೇವಕರ ವಾರವೇ ಇದೆ. ಕೇಕ್ ಇರುತ್ತದೆ, ಬ್ಯಾಡ್ಜ್ ಇರುತ್ತದೆ. ಆದರೆ ಜನ ಮನಸ್ಸಿನಲ್ಲಿಟ್ಟುಕೊಳ್ಳುವುದು ತಮ್ಮ ಕೈಯಿಂದ ಏನಾಯಿತು ಎಂಬುದನ್ನು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆ ಹತೋಟಿಗೆ ಬಾರದ ಸ್ಥಿತಿ) ಇರುವ ಹುಡುಗನೊಬ್ಬನಿಗೆ ಮೊದಲು ಎರಡೂ ಕಡೆ ಬಿಗಿ ಹಿಡಿತ ಬೇಕಿತ್ತು. ಕುದುರೆಯ ನಡಿಗೆ ಸವಾರನ ಸೊಂಟವನ್ನು ಹೆಚ್ಚುಕಡಿಮೆ ಮನುಷ್ಯ ನಡೆಯುವಾಗ ಆಡುವಂತೆಯೇ ಆಡಿಸುತ್ತದೆ. ಕಾಲಕ್ರಮದಲ್ಲಿ ಅವನ ಬೆನ್ನು ಗಟ್ಟಿಯಾಯಿತು. ತೊಡೆಯ ಮೇಲಿನ ಕೈ ಪಾದಕ್ಕಿಳಿಯಿತು, ಆಮೇಲೆ ಅದೂ ಬೇಡವಾಯಿತು. ಅವನ ತಾಯಿಯ ಒಪ್ಪಿಗೆ ಪಡೆದು, ಅವನ ಪಕ್ಕ ನಡೆದಿದ್ದ ಪ್ರತಿಯೊಬ್ಬರಿಗೂ, ಊರು ಬಿಟ್ಟು ಹೋದವರಿಗೂ, ಕೈಬರಹದಲ್ಲಿ ಪತ್ರ ಬರೆದೆ: 'ಈಗ ಅವನಿಗೆ ನಿಮ್ಮ ಕೈ ಬೇಕಿಲ್ಲ.' ಅದರಲ್ಲಿ ಇಬ್ಬರು ಮತ್ತೆ ಬಂದರು.

ಕೆಟ್ಟ ಸುದ್ದಿಯೂ ಅವರ ಪಾಲಿನದೇ. ವಯಸ್ಸಾದ ಕುದುರೆ ತೀರಿಕೊಂಡಾಗ ಬೆಳಿಗ್ಗೆ ಲಾಯಕ್ಕೆ ಬಂದು ಖಾಲಿ ಜಾಗ ನೋಡಿ ತಿಳಿಯುವಂತಾಗಬಾರದು. ಅದನ್ನು ನಡೆಸಿದ್ದವರಿಗೆ ಆ ರಾತ್ರಿಯೇ ಫೋನ್ ಮಾಡುತ್ತೇನೆ, ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಆಮೇಲೆ.

ಸದ್ಯ ನಮಗೆ ಕೊರತೆಯಿರುವುದು ಹಗ್ಗ ಹಿಡಿಯುವವರದು. ಪಕ್ಕದಲ್ಲಿ ನಡೆಯುತ್ತಿದ್ದ ಮೂವರು, ಅವರಲ್ಲಿ ಒಬ್ಬರು ನಮ್ಮ ಕನ್ನಡ ಕೂಟದವರು, ಈಗ ಅದರ ತರಬೇತಿ ಪಡೆಯುತ್ತಿದ್ದಾರೆ. ಶನಿವಾರ ಮಧ್ಯಾಹ್ನ ಸವಾರಿಯಿಲ್ಲದ ಹೊತ್ತಿನಲ್ಲಿ ಖಾಲಿ ಜೀನು ಹೊರಿಸಿದ ಕುದುರೆಯನ್ನು ಕಂಬಗಳ ನಡುವೆ ತಿರುಗಿಸುವುದು, ನಿಲ್ಲಿಸುವುದು, ಮತ್ತೆ ಹೊರಡಿಸುವುದು. ಕೋಚ್ ಒಪ್ಪಿದರೆ ಸರದಿಪಟ್ಟಿಯಲ್ಲಿ ಗುರುವಾರದ ಖಾಲಿ ಮನೆ ತುಂಬುತ್ತದೆ, ಸಾಲಿನಲ್ಲಿ ಕಾಯುತ್ತಿರುವ ಮಕ್ಕಳಲ್ಲಿ ಇನ್ನಿಬ್ಬರನ್ನು ಕರೆಯಬಹುದು.