ಫ್ರಾಸ್ಟ್ ಫ್ರೀ ಫ್ರಿಜ್ ಡಿಫ್ರಾಸ್ಟ್ ಆಗದಿದ್ದಾಗ: ಮಂಜು ಕರಗಿಸುವ ಮೊದಲು ನೋಡಬೇಕಾದದ್ದು

ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕೆಳಗಿನ ಭಾಗದಲ್ಲಿಟ್ಟ ಹಾಲು ಬೇಗ ಕೆಡತೊಡಗುತ್ತದೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಕೆಲವೊಮ್ಮೆ ಫ್ಯಾನಿನ ರೆಕ್ಕೆ ಮಂಜುಗಡ್ಡೆಗೆ ತಾಗಿ ಕರಕರ ಸದ್ದೂ ಕೇಳಿಸುತ್ತದೆ. ಈ ಲಕ್ಷಣಗಳು ಒಟ್ಟಿಗೆ ಕಂಡಾಗ, ಗ್ಯಾಸ್ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಡಿಫ್ರಾಸ್ಟ್ ವ್ಯವಸ್ಥೆಯನ್ನು, ಅಂದರೆ ಮಂಜನ್ನು ತಾನಾಗಿಯೇ ಕರಗಿಸುವ ಏರ್ಪಾಡನ್ನು ಪರೀಕ್ಷಿಸಬೇಕು. ಫ್ರಿಜ್ ಆಫ್ ಮಾಡಿ ಮಂಜನ್ನೆಲ್ಲ ಕರಗಿಸಿಬಿಡುವುದು ಬಹುತೇಕರು ಮೊದಲು ಮಾಡುವ ಕೆಲಸ. ಅದರಿಂದ ಕೆಲವು ದಿನ ಎಲ್ಲವೂ ಸರಿಹೋದಂತೆ ಕಂಡು, ಆಮೇಲೆ ಅದೇ ತೊಂದರೆ ಮರುಕಳಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ದೋಷ ಎಲ್ಲಿದೆ ಎಂಬುದನ್ನು ತೋರಿಸಿಕೊಡಬಹುದಾಗಿದ್ದ ಪುರಾವೆಯೇ ನೀರಾಗಿ ಹರಿದುಹೋಗಿರುತ್ತದೆ.

ಇಂತಹ ಫ್ರಿಜ್‌ಗಳಲ್ಲಿ ಕೂಲಿಂಗ್ ಕಾಯಿಲ್ ಇರುವುದು ಫ್ರೀಜರ್‌ನ ಹಿಂಬದಿಯ ಹಲಗೆಯ ಆಚೆ. ಫ್ಯಾನ್ ಅದರ ಮೂಲಕ ಗಾಳಿಯನ್ನು ಹಾಯಿಸಿ ಎರಡೂ ಭಾಗಗಳಿಗೆ ತಂಪನ್ನು ಒಯ್ಯುತ್ತದೆ, ಗಾಳಿಯಲ್ಲಿದ್ದ ತೇವ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ. ಟೈಮರ್ ಇರುವ ಮಾದರಿಗಳಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ 6ರಿಂದ 12 ಗಂಟೆ ಓಡಿದ ಮೇಲೆ ಅದು ನಿಂತು, ಕಾಯಿಲ್‌ಗೆ ಹೊಂದಿಕೊಂಡಿರುವ ಹೀಟರ್ ಸುಮಾರು 20ರಿಂದ 30 ನಿಮಿಷ ಕಾದು ಮಂಜನ್ನು ಕರಗಿಸುತ್ತದೆ. ಕಾಯಿಲ್ ಸಾಕಷ್ಟು ಬೆಚ್ಚಗಾದೊಡನೆ ಬೈಮೆಟಲ್ ಎಂಬ, ಉಷ್ಣತೆಗೆ ತಕ್ಕಂತೆ ತಾನೇ ಕೂಡಿ ಬಿಡುವ ಸ್ವಿಚ್ ಹೀಟರಿನ ಸಂಪರ್ಕವನ್ನು ಕಡಿದುಹಾಕುತ್ತದೆ. ಅದೂ ಕೈಕೊಟ್ಟರೆ ಥರ್ಮಲ್ ಫ್ಯೂಸ್ ಸುಟ್ಟು ಅಪಾಯ ತಪ್ಪಿಸುತ್ತದೆ. ಇವೆಲ್ಲ ಒಂದೇ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಯಾವುದೊಂದು ಕೆಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ ಆಗಿರುತ್ತದೆ. ಹೊಸ ಮಾದರಿಗಳಲ್ಲಿ ಟೈಮರಿನ ಕೆಲಸವನ್ನು ಕಂಟ್ರೋಲ್ ಬೋರ್ಡ್, ಬೈಮೆಟಲ್‌ನ ಕೆಲಸವನ್ನು ಹೆಚ್ಚಾಗಿ ಒಂದು ಸೆನ್ಸರ್ ನಿರ್ವಹಿಸುತ್ತದೆ.

ಟೈಮರ್ ಇರುವ ಫ್ರಿಜ್ ಆಗಿದ್ದರೆ ಮೊದಲ ಪರೀಕ್ಷೆಗೆ ಫ್ರೀಜರನ್ನು ಬಿಚ್ಚಬೇಕಾಗಿಯೂ ಇಲ್ಲ. ಪ್ಲಗ್ ಕಿತ್ತು, ಥರ್ಮೋಸ್ಟಾಟ್ ಪೆಟ್ಟಿಗೆಯ ಬಳಿ ಅಥವಾ ಹಿಂದೆ ಕಂಪ್ರೆಸರ್ ಪಕ್ಕದಲ್ಲಿರುವ ಟೈಮರಿನ ತಿರುಪನ್ನು ಸ್ಕ್ರೂಡ್ರೈವರಿನಿಂದ ಅದು ಸುತ್ತುವ ದಿಕ್ಕಿನಲ್ಲೇ, ಟಕ್ ಎಂಬ ಸದ್ದು ಬರುವ ತನಕ ನಿಧಾನವಾಗಿ ತಿರುಗಿಸಿ, ಮತ್ತೆ ಪ್ಲಗ್ ಹಾಕಬೇಕು. ಕಂಪ್ರೆಸರ್ ಸುಮ್ಮನಿದ್ದು, ಹತ್ತು ಹದಿನೈದು ನಿಮಿಷದಲ್ಲಿ ಹಲಗೆಯ ಹಿಂದಿನಿಂದ ಬಿಸಿ ಹೀಟರಿನ ಮೇಲೆ ಹನಿ ಬಿದ್ದ ಚುಂಯ್ ಸದ್ದು ಕೇಳಿಸಿದರೆ ಹೀಟರ್, ಬೈಮೆಟಲ್ ಎರಡೂ ಸರಿಯಾಗಿವೆ, ಟೈಮರ್ ಮುಂದೆ ಚಲಿಸುತ್ತಿಲ್ಲದಿರುವ ಸಾಧ್ಯತೆ ಹೆಚ್ಚು. ಇದನ್ನು ಖಚಿತಪಡಿಸಿಕೊಳ್ಳಲು ತಿರುಪಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಕಂಪ್ರೆಸರ್ ಕೆಲವು ಗಂಟೆ ಓಡಿದ ಬಳಿಕ ಗುರುತು ಸರಿದಿದೆಯೇ ಎಂದು ನೋಡಬಹುದು. ಈ ಪರೀಕ್ಷೆ ಕಾಯಿಲ್ ಮೇಲೆ ಮಂಜಿದ್ದಾಗ ಮಾತ್ರ ಸಾಧ್ಯ, ಏಕೆಂದರೆ ಕಾಯಿಲ್ ಬೆಚ್ಚಗಿದ್ದರೆ ಸರಿಯಾಗಿರುವ ಬೈಮೆಟಲ್ ಕೂಡ ಹೀಟರಿಗೆ ವಿದ್ಯುತ್ ಹರಿಯಲು ಬಿಡುವುದಿಲ್ಲ.

ಹೀಟರಿನ ಸುಳಿವೇ ಇಲ್ಲದಿದ್ದರೆ ಪ್ಲಗ್ ಕಿತ್ತು, ಫ್ರೀಜರ್ ಖಾಲಿಮಾಡಿ, ಹಿಂಬದಿಯ ಹಲಗೆಯ ಸ್ಕ್ರೂಗಳನ್ನು ತೆಗೆಯಬೇಕು. ಹಲಗೆ ಮಂಜಿಗೆ ಅಂಟಿಕೊಂಡಿದ್ದರೆ ಬಲವಂತ ಮಾಡದೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಂಚಿಗೆ ಒತ್ತಿಹಿಡಿದು ಬಿಡಿಸಿಕೊಳ್ಳಬೇಕು. ಚಾಕುವನ್ನಾಗಲಿ ಸ್ಕ್ರೂಡ್ರೈವರನ್ನಾಗಲಿ ಮಂಜಿಗೆ ಚುಚ್ಚಲೇಬಾರದು. ಅಲ್ಯೂಮಿನಿಯಂ ಕಾಯಿಲ್ ತೂತಾದರೆ ಚಿಕ್ಕ ರಿಪೇರಿ ದೊಡ್ಡದಾಗುತ್ತದೆ, ಅದರೊಳಗೆ ಆರ್600ಎ ಗ್ಯಾಸ್ ಇದ್ದರಂತೂ ಅದು ಬೆಂಕಿ ಹೊತ್ತಿಕೊಳ್ಳುವ ಅನಿಲ.

ಹಲಗೆ ತೆಗೆದೊಡನೆ ಕಾಯಿಲನ್ನು ಚೆನ್ನಾಗಿ ಗಮನಿಸಿ, ಫೋನಿನಲ್ಲಿ ಒಂದು ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ಮೇಲಿನಿಂದ ಕೆಳಗಿನವರೆಗೆ ಕಾಯಿಲಿನ ತೆಳು ಲೋಹದ ರೆಕ್ಕೆಗಳ ನಡುವಿನ ಸಂದುಗಳೇ ಕಾಣದಂತೆ ಬಿಳಿ ಮಂಜು ಸಮನಾಗಿ ತುಂಬಿಕೊಂಡಿದ್ದರೆ ಅದು ಡಿಫ್ರಾಸ್ಟ್ ಆಗದಿರುವುದರ ಸ್ಪಷ್ಟ ಗುರುತು. ಕಾಯಿಲ್‌ನ ಒಂದು ಮೂಲೆಯಲ್ಲಿ, ಅಂದರೆ ಗ್ಯಾಸ್ ಒಳಬರುವ ಕಡೆ ಮಾತ್ರ ಮಂಜು ಕಟ್ಟಿ ಉಳಿದ ಭಾಗ ಬೋಳಾಗಿದ್ದರೆ ಗ್ಯಾಸ್ ಕಡಿಮೆಯಾಗಿರುವ ಅಥವಾ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಆಗ ಹೀಟರ್ ಬದಲಿಸಿ ಪ್ರಯೋಜನವಿಲ್ಲ, ಅದು ಮೆಕ್ಯಾನಿಕ್‌ನ ಕೆಲಸ. ಕಾಯಿಲ್ ಸ್ವಚ್ಛವಾಗಿದ್ದು ಅದರ ಕೆಳಗಿನ ತಟ್ಟೆಯಲ್ಲಿ ಗಾಜಿನಂತಹ ಗಟ್ಟಿ ಗಡ್ಡೆ ಕೂತಿದ್ದರೆ ಹೀಟರ್ ಕೆಲಸ ಮಾಡುತ್ತಿದೆ, ನೀರು ಹೊರಹೋಗುವ ಡ್ರೈನ್ ಮಾತ್ರ ಕಟ್ಟಿಕೊಂಡಿದೆ. ಸಿರಿಂಜಿನಲ್ಲಿ ಬೆಚ್ಚಗಿನ ನೀರು ಬಿಟ್ಟು ಆ ತೂತನ್ನು ಬಿಡಿಸಿದರೆ ಕೆಲಸ ಮುಗಿಯಿತು. ಬಾಗಿಲಿನ ಬದಿಯಲ್ಲೇ ಹೆಚ್ಚು ಮಂಜಿದ್ದರೆ ಗ್ಯಾಸ್ಕೆಟ್ (ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ) ಸರಿಯಾಗಿ ಕೂರುತ್ತಿದೆಯೇ ನೋಡಿ: ಬಾಗಿಲಿನ ನಡುವೆ ಸಿಕ್ಕಿಸಿದ ಕಾಗದದ ಚೂರು ಎಳೆದರೆ ಬಿಗಿಯಾಗಿ ಬರಬೇಕು.

ಕಾಯಿಲ್ ತುಂಬ ಮಂಜಿದ್ದಲ್ಲಿ ಮಲ್ಟಿಮೀಟರ್ (ವಿದ್ಯುತ್ ಸಂಪರ್ಕವನ್ನೂ, ಓಮ್ ಲೆಕ್ಕದಲ್ಲಿ ಪ್ರತಿರೋಧವನ್ನೂ ಅಳೆಯುವ ಉಪಕರಣ) ತೆಗೆದುಕೊಳ್ಳಬೇಕು. ಕನೆಕ್ಟರ್ ಕೈಗೆಟುಕುವಂತಿದ್ದರೆ ಮಂಜು ಇರುವಾಗಲೇ ಬೈಮೆಟಲ್‌ನ ಎರಡು ತಂತಿಗಳ ನಡುವೆ ಸಂಪರ್ಕವಿದೆಯೇ ನೋಡಿ. ತಣ್ಣಗಿರುವಾಗ ಅದು ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಬೇಕು. ಕೋಣೆಯ ಬಿಸಿಯಲ್ಲಿ ಪರೀಕ್ಷಿಸಿ, ಸಂಪರ್ಕವಿಲ್ಲ ಎಂದು ಒಳ್ಳೆಯ ಬೈಮೆಟಲನ್ನು ಎಸೆಯುವುದು ಈ ರಿಪೇರಿಯಲ್ಲಿ ಸುಲಭವಾಗಿ ಆಗುವ ತಪ್ಪು. ಅದನ್ನು ಬಿಚ್ಚಿಯಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಉಪ್ಪು ಬೆರೆಸಿದ ಐಸ್ ಪುಡಿಯಲ್ಲಿ ಹುಗಿದು ಸ್ವಲ್ಪ ಹೊತ್ತಿನ ಬಳಿಕ ಅಳೆಯಿರಿ. ಬರಿಯ ಐಸ್ ಸಾಲದು, ಅನೇಕ ಬೈಮೆಟಲ್‌ಗಳು ಸೊನ್ನೆ ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ಕೂಡಿಕೊಳ್ಳುತ್ತವೆ.

ಹೀಟರಿನ ಓಮ್ ಎಷ್ಟಿರಬೇಕೆಂದು ಅದರ ವಾಟ್‌ನಿಂದಲೇ ಲೆಕ್ಕ ಹಾಕಬಹುದು: ವೋಲ್ಟೇಜನ್ನು ಅದರಿಂದಲೇ ಗುಣಿಸಿ ವಾಟ್‌ನಿಂದ ಭಾಗಿಸಬೇಕು. 230 ವೋಲ್ಟ್‌ಗೆ 150 ವಾಟ್ ಹೀಟರ್ ಎಂದರೆ ಸುಮಾರು 350 ಓಮ್. ಮೀಟರ್ ಏನನ್ನೂ ತೋರಿಸದಿದ್ದರೆ ತಂತಿ ಒಳಗೆ ಕಡಿದಿದೆ. ಗಾಜಿನ ಕೊಳವೆಯ ಹೀಟರ್ ಆಗಿದ್ದರೆ ಕಪ್ಪಾದ ಕಲೆಯೂ ಕಾಣಬಹುದು. ಥರ್ಮಲ್ ಫ್ಯೂಸ್ ತಣ್ಣಗಿದ್ದರೂ ಕೋಣೆಯ ಬಿಸಿಯಲ್ಲಿದ್ದರೂ ಸಂಪರ್ಕ ತೋರಿಸಬೇಕು. ಸುಟ್ಟಿದ್ದರೆ ನೇರ ತಂತಿ ಕೊಟ್ಟು ದಾಟಿಸಬೇಡಿ. ಅದು ಇರುವುದೇ ಬೆಂಕಿ ತಪ್ಪಿಸಲು. ಅದು ಸುಟ್ಟಿದ್ದರೆ ಬೈಮೆಟಲ್ ಬಿಸಿಯಲ್ಲೂ ಬಿಡಿಸಿಕೊಳ್ಳದೆ ಅಂಟಿಕೊಂಡಿದೆಯೇ ಎಂದು ತಪ್ಪದೆ ನೋಡಿ, ಇಲ್ಲವಾದರೆ ಹೊಸ ಫ್ಯೂಸ್ ಕೂಡ ಸುಡುತ್ತದೆ. ಸೆನ್ಸರ್ ಇರುವ ಮಾದರಿಗಳಲ್ಲಿ ತಂಪು ಹೆಚ್ಚಿದಂತೆ ಅದರ ಓಮ್ ಏರಬೇಕು. ಇಷ್ಟೂ ಸರಿಯಿದ್ದರೆ ಮಾತ್ರ ಬೋರ್ಡ್ ಮೇಲೆ ಅನುಮಾನಪಡಿ, ಏಕೆಂದರೆ ಈ ಎಲ್ಲದರ ಪೈಕಿ ಸಾಮಾನ್ಯವಾಗಿ ಅದೇ ದುಬಾರಿ.

ಪರೀಕ್ಷೆ ಮುಗಿದ ಮೇಲೆಯೇ ಬಾಗಿಲು ತೆರೆದಿಟ್ಟು, ನೆಲಕ್ಕೆ ಬಟ್ಟೆ ಹಾಸಿ ಮಂಜನ್ನು ಪೂರ್ತಿ ಕರಗಿಸಿ. ಇದಕ್ಕೆ ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಕೆಟ್ಟ ಭಾಗವನ್ನು ಅದೇ ವಾಟ್, ಅದೇ ಡಿಗ್ರಿಯದರಿಂದ ಬದಲಿಸಿ, ತಂತಿಗಳು ಹೀಟರಿಗಾಗಲಿ ಫ್ಯಾನಿಗಾಗಲಿ ತಾಗದಂತೆ ಕಟ್ಟಿ, ಹಲಗೆ ಕೂರಿಸಿ ಫ್ರಿಜ್ ಆನ್ ಮಾಡಿ. ಒಂದೆರಡು ದಿನದ ಬಳಿಕ ಕೆಳಭಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಒಳಗಿದ್ದು, ಕಂಪ್ರೆಸರ್ ಪಕ್ಕದ ತಟ್ಟೆಯಲ್ಲಿ ನೀರು ಕಂಡರೆ ಹೀಟರ್ ಕಾದಿದೆ, ಡ್ರೈನ್ ಕೂಡ ತೆರೆದಿದೆ. ತಟ್ಟೆ ಒಣಗಿದ್ದರೂ ಅವಸರಪಡಬೇಡಿ, ಅಲ್ಲಿಯ ಬಿಸಿಗೆ ನೀರು ಆವಿಯಾಗಿರಬಹುದು. ಎರಡು ವಾರ ಬಿಟ್ಟು ಹಲಗೆಯನ್ನು ಮತ್ತೊಮ್ಮೆ ತೆಗೆದು ಕಾಯಿಲ್‌ನ ರೆಕ್ಕೆಗಳ ನಡುವಿನ ಸಂದುಗಳು ತೆರೆದಿವೆಯೇ ಎಂದು ನೋಡಿಕೊಳ್ಳಿ.